ಹೈಡ್ ಯಾರೆಂದು ಗೊತ್ತಿಲ್ಲದ ಹಾಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಲಂಡನ್ನಿನ ಒಂದು ಸಣ್ಣ ಬೀದಿ. ಅಂಗಡಿಗಳ ಸಾಲು, ಹೊಸದಾಗಿ ಬಣ್ಣ ಬಳಿದ ಕದಗಳು, ತಿಕ್ಕಿ ತಿಕ್ಕಿ ಹೊಳೆಯುವ ಹಿತ್ತಾಳೆ ಹಿಡಿಗಳು. ಆ ಸಾಲಿನಲ್ಲಿ ಒಂದು ಕಟ್ಟಡ ಮಾತ್ರ ಬೀದಿಗೆ ಮೂತಿ ಚಾಚಿಕೊಂಡು ನಿಂತಿದೆ. ಅದಕ್ಕೆ ಕಿಟಕಿಯೇ ಇಲ್ಲ. ಕೆಳಗೊಂದು ಬಾಗಿಲು, ಮೇಲೆ ಬಣ್ಣಗೆಟ್ಟ ಗೋಡೆ, ಅಷ್ಟೇ. ಬಾಗಿಲಿಗೆ ಗಂಟೆ ಇಲ್ಲ, ಬಡಿಯಲು ಬಳೆಯೂ ಇಲ್ಲ. ಬಣ್ಣ ಗುಳ್ಳೆಯೆದ್ದು ಕಲೆಗಟ್ಟಿದೆ. ಅಲೆಮಾರಿಗಳು ಅದರ ಹಲಗೆಗೆ ಬೆಂಕಿಕಡ್ಡಿ ಗೀರುತ್ತಾರೆ. ಯಾವನೋ ಶಾಲೆ ಹುಡುಗ ಅದರ ಅಂಚಿನ ಮೇಲೆ ತನ್ನ ಚಾಕು ಎಷ್ಟು ಹರಿತ ಅಂತ ನೋಡಿದ್ದಾನೆ.

ರಾಬರ್ಟ್ ಲೂಯಿ ಸ್ಟೀವನ್‌ಸನ್ ಬರೆದ ಜೆಕಿಲ್ ಮತ್ತು ಹೈಡ್ ಕಥೆ ಶುರುವಾಗುವುದು ಈ ಬಾಗಿಲಿನಿಂದ. ಮೊದಲ ಅಧ್ಯಾಯದ ಹೆಸರೇ ಬಾಗಿಲಿನ ಕಥೆ.

ನಾವಿರುವುದು ಇಂಗ್ಲೆಂಡಿನಲ್ಲಿ. ಮಗಳು ಜಿಸಿಎಸ್‌ಇ ಪರೀಕ್ಷೆಗೆ ಓದುತ್ತಿದ್ದಾಳೆ. ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ ಅಂದುಕೊಳ್ಳಿ. ಅವಳ ಶಾಲೆ ಎಕ್ಯೂಎ ಅನ್ನುವ ಮಂಡಳಿಯ ಪರೀಕ್ಷೆ ಬರೆಸುತ್ತದೆ. ಸಾಹಿತ್ಯದ ಮೊದಲ ಪತ್ರಿಕೆಗೆ 1 ಗಂಟೆ 45 ನಿಮಿಷ. ಅರ್ಧ ಶೇಕ್ಸ್‌ಪಿಯರ್, ಇನ್ನರ್ಧ ಹತ್ತೊಂಬತ್ತನೇ ಶತಮಾನದ ಒಂದು ಕಾದಂಬರಿ. ಪುಸ್ತಕ ಒಳಗೆ ತೆಗೆದುಕೊಂಡು ಹೋಗುವಂತಿಲ್ಲ. ಕಾದಂಬರಿಯ ಒಂದು ತುಣುಕು ಅಚ್ಚು ಹಾಕಿ ಕೊಡುತ್ತಾರೆ. ಅಲ್ಲಿಂದ ಶುರು ಮಾಡಿ ಇಡೀ ಕಥೆಯ ಬಗ್ಗೆ ಬರೆಯಬೇಕು. 30 ಅಂಕ.

ಜೆಕಿಲ್ ಹೈಡ್ ಸಿಕ್ಕಿತು ಅಂದಾಗ ಅವಳಿಗೆ ಖುಷಿಯೋ ಖುಷಿ. ಕಾರಣ ಸಾಹಿತ್ಯಪ್ರೇಮವೇನಲ್ಲ. ಪುಸ್ತಕ ತೆಳ್ಳಗಿದೆ, ಹತ್ತೇ ಅಧ್ಯಾಯ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಮೊದಲ ಪುಟ ತೆರೆಯುವ ಮೊದಲೇ ಅವಳಿಗೆ ಗುಟ್ಟು ಗೊತ್ತಿತ್ತು. ಮರ್ಯಾದಸ್ಥ ಡಾಕ್ಟರ್ ಜೆಕಿಲ್, ಕ್ರೂರಿ ಹೈಡ್, ಇಬ್ಬರೂ ಒಬ್ಬನೇ, ತಾನೇ ಬೆರೆಸಿದ ಔಷಧಿ ಕುಡಿದು ಜೆಕಿಲ್ಲೇ ಹೈಡ್ ಆಗುತ್ತಾನೆ ಅಂತ. ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ? ರಿವಿಷನ್ ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಡುಯಾಲಿಟಿ, ಅಂದರೆ ಇಬ್ಬಗೆತನ, ಅಂತ ಬರೆದಿತ್ತು. ಅವಳು ಪುಟಪುಟಕ್ಕೂ ಅದನ್ನೇ ಬರೆದಳು. ಬಾಗಿಲು ಬಂತಾ, ಡುಯಾಲಿಟಿ. ಮಂಜು ಬಂತಾ, ಡುಯಾಲಿಟಿ. ಓದಿದ್ರೆ ಬೇಜಾರಾಗೋದು.

ಆದರೆ 1886ರ ಜನವರಿಯಲ್ಲಿ ಇದನ್ನು ಕೊಂಡವರಿಗೆ ಗುಟ್ಟು ಗೊತ್ತಿರಲಿಲ್ಲ. ಒಂದು ಶಿಲಿಂಗಿಗೆ ಸಿಗುತ್ತಿದ್ದ ಪುಸ್ತಕ ಅದು. ನಮ್ಮ ಬಸ್‌ಸ್ಟ್ಯಾಂಡಿನ ಪತ್ತೇದಾರಿ ಕಾದಂಬರಿ ಇದ್ದ ಹಾಗೆ. ಅವರು ಜೆಕಿಲ್‌ನ ಲಾಯರ್ ಅಟರ್‌ಸನ್ ಜೊತೆ ನಡೆದರು, ಅವನಿಗೆ ತಿಳಿದಷ್ಟೇ ಅವರಿಗೂ ತಿಳಿಯಿತು. ಹಾಗಾಗಿ ನಾನು ಮಗಳಿಗೆ ಒಂದು ಆಟ ಹೇಳಿದೆ. ಪ್ರತಿ ಅಧ್ಯಾಯ ಮುಗಿದಾಗ ಪುಸ್ತಕ ಮುಚ್ಚು. ಇಷ್ಟರ ಮೇಲೆ ಅಟರ್‌ಸನ್ ಏನಂದುಕೊಂಡಿರಬಹುದು, ಒಂದೇ ಸಾಲು ಬರಿ.

ಏನು ಬಂತು ನೋಡಿ. ಚಳಿಗಾಲದ ಬೆಳಗಿನ ಜಾವ ಮೂರು ಗಂಟೆ. ಹೈಡ್ ಒಬ್ಬ ಪುಟ್ಟ ಹುಡುಗಿಯನ್ನು ತುಳಿದುಕೊಂಡು ಹೋಗುತ್ತಾನೆ. ಜನ ಹಿಡಿಯುತ್ತಾರೆ, ಹುಡುಗಿಯ ಮನೆಯವರಿಗೆ 100 ಪೌಂಡ್ ಕೊಡು ಅನ್ನುತ್ತಾರೆ. ಅವನು ಆ ಬಾಗಿಲಿಗೇ ಬೀಗದಕೈ ಹಾಕಿ ಒಳಗೆ ಹೋಗಿ ಹತ್ತು ಪೌಂಡಿಗೆ ಚಿನ್ನದ ನಾಣ್ಯ, ಮಿಕ್ಕದ್ದಕ್ಕೆ ಚೆಕ್ ತರುತ್ತಾನೆ. ಚೆಕ್ಕಿನ ಮೇಲೆ ದೊಡ್ಡ ಮನುಷ್ಯರೊಬ್ಬರ ಸಹಿ. ಬ್ಯಾಂಕ್ ತೆರೆಯುವ ತನಕ ಕಾದು ನೋಡಿದರೆ ಚೆಕ್ ಅಸಲಿ! ಎರಡನೇ ಅಧ್ಯಾಯದಲ್ಲಿ ಜೆಕಿಲ್‌ನ ಉಯಿಲು. ನಾನು ಸತ್ತರೆ ಆಸ್ತಿಯೆಲ್ಲ ಹೈಡ್‌ಗೆ. ಅಷ್ಟೇ ಅಲ್ಲ, ಮೂರು ತಿಂಗಳಿಗಿಂತ ಜಾಸ್ತಿ ನಾನು ಕಾಣೆಯಾದರೂ ಹೈಡ್‌ಗೆ. ಯಾವ ಲಾಯರಿಗೆ ನಿದ್ದೆ ಬರುತ್ತೆ, ಹೇಳಿ. ಮಗಳ ಸಾಲು ಹೀಗಿತ್ತು: ಹೈಡ್ ಬ್ಲ್ಯಾಕ್‌ಮೇಲ್ ಮಾಡುತ್ತಿದ್ದಾನೆ, ಮುಂದೆ ಜೆಕಿಲ್‌ನನ್ನು ಕೊಲ್ಲುತ್ತಾನೆ. ಅಟರ್‌ಸನ್ ಹೆದರಿದ್ದೂ ಅದಕ್ಕೇ. ಅವನು ಹೈಡ್, ಅಂದರೆ ಬಚ್ಚಿಟ್ಟುಕೊಳ್ಳುವವನಾದರೆ, ನಾನು ಹುಡುಕುವವನು ಅಂತ ಹೊರಡುತ್ತಾನೆ. ಪಾಪ, ಕಣ್ಣಾಮುಚ್ಚಾಲೆ ಆಡುವವರು ಹುಡುಕಬೇಕಾದದ್ದು ಯಾರನ್ನು ಅಂತಾದರೂ ತಿಳಿದಿರುತ್ತಾರೆ. ಇವನಿಗೆ ಅದೂ ಇಲ್ಲ. ಗುಟ್ಟು ಬಯಲಾಗುವುದು ಒಂಬತ್ತನೇ ಅಧ್ಯಾಯದ ಕೊನೆಯಲ್ಲಿ.

ಇನ್ನು ನನ್ನ ತಪ್ಪು ಹೇಳಬೇಕು. ಜೆಕಿಲ್ ಎಂಥವನು ಅಂತ ಮಗಳು ಕೇಳಿದಾಗ ನಾನು ಥಟ್ಟನೆ ಗೋಮುಖವ್ಯಾಘ್ರ ಅಂದೆ. ಹಸುವಿನ ಮುಖ ಹಾಕಿಕೊಂಡ ಹುಲಿ. ಒಳ್ಳೇ ಮಾತು ಸಿಕ್ಕಿತು ಅಂತ ಬೀಗಿದೆ ಕೂಡ. ಕೊನೇ ಅಧ್ಯಾಯಕ್ಕೆ ಬಂದಾಗ ಅವಳು ಬೆರಳಿಟ್ಟು ತೋರಿಸಿದಳು. ಅಲ್ಲಿ ಜೆಕಿಲ್ ತಾನೇ ಬರೆಯುತ್ತಾನೆ: ನಾನು ಎರಡು ಥರ ಬದುಕಿದೆ ನಿಜ, ಆದರೆ ಕಪಟಿಯಲ್ಲ, ನನ್ನ ಎರಡು ಮುಖವೂ ಅಪ್ಪಟ ನಿಜ. ಗೋಮುಖವ್ಯಾಘ್ರನಿಗೆ ಹಸುವಿನ ಮುಖ ಬರೀ ವೇಷ. ಜೆಕಿಲ್‌ಗೆ ಅದು ವೇಷವಲ್ಲ. ಅವನು ರೋಗಿಗಳಿಗೆ ಮರುಗಿದ್ದೂ ನಿಜ, ರಾತ್ರಿಯ ಚಪಲವೂ ನಿಜ.

ಇನ್ನೂ ಒಂದಿದೆ. ಒಳ್ಳೆಯವನು ಜೆಕಿಲ್, ಕೆಟ್ಟವನು ಹೈಡ್ ಅಂತ ಬರೆದು ಬರುವ ಮಕ್ಕಳು ಬೇಕಾದಷ್ಟು. ಪುಸ್ತಕದಲ್ಲಿ ಹಾಗಿಲ್ಲ. ಔಷಧಿ ಕುಡಿದರೆ ಬರೀ ಕೆಟ್ಟದ್ದೇ ಇರುವ ಒಬ್ಬ ಹುಟ್ಟುತ್ತಾನೆ, ಅದು ಸರಿ. ಆದರೆ ಬರೀ ಒಳ್ಳೆಯವನು ಹುಟ್ಟುವುದೇ ಇಲ್ಲ. ಜೆಕಿಲ್ ಮೊದಲಿದ್ದ ಹಾಗೇ, ಎರಡೂ ಕಲಸಿದ ಹಾಗೇ ಉಳಿಯುತ್ತಾನೆ. ಹೈಡ್ ಕುಳ್ಳಗಿರುವುದು ಯಾಕೆ ಅಂತ ಜೆಕಿಲ್ಲೇ ಲೆಕ್ಕ ಕೊಡುತ್ತಾನೆ. ಬದುಕಿನ ಹತ್ತರಲ್ಲಿ ಒಂಬತ್ತು ಪಾಲು ಸಭ್ಯನಾಗಿ ಕಳೆದಿದ್ದೆ, ಆ ಕೆಟ್ಟ ಪಾಲಿಗೆ ಬೆಳೆಯೋಕೆ ಅವಕಾಶವೇ ಇರಲಿಲ್ಲ. ಮೊದಮೊದಲು ಜೆಕಿಲ್‌ನ ಬಟ್ಟೆ ಹೈಡ್‌ಗೆ ಜೋಲುತ್ತಿತ್ತು. ಬರುಬರುತ್ತಾ ಹೈಡ್ ಬೆಳೆದ. ಆಮೇಲೆ ಔಷಧಿಯೂ ಕೈಕೊಟ್ಟಿತು. ಔಷಧಿಗೆ ಹಾಕಲು ಮೊದಲು ತಂದ ಉಪ್ಪಿನಲ್ಲಿ ಏನೋ ಕಲಬೆರಕೆ ಇತ್ತಂತೆ, ಕೆಲಸ ಮಾಡುತ್ತಿದ್ದದ್ದು ಆ ಕಲಬೆರಕೆಯೇ ಇರಬೇಕು. ಊರೆಲ್ಲ ಹುಡುಕಿಸಿದರೂ ಅದು ಮತ್ತೆ ಸಿಗಲಿಲ್ಲ.

ಅಂಕದ ಲೆಕ್ಕಕ್ಕೆ ಬರೋಣ. ವಾದಕ್ಕೆ 12, ಲೇಖಕ ಮಾತನ್ನು ಹೇಗೆ ಬಳಸಿದ ಅನ್ನುವುದಕ್ಕೆ 12, ಕಾಲದ ಹಿನ್ನೆಲೆಗೆ 6. ಹಿನ್ನೆಲೆಯ ಆರು ಅಂಕಕ್ಕೆ ಮಕ್ಕಳು ಅರ್ಧ ಪುಟ ಡಾರ್ವಿನ್ ಬರೆಯುತ್ತಾರೆ. ಅಷ್ಟು ಬೇಡ. ಹೈಡ್ ಕಾರ್ಯೂ ಅನ್ನುವ ಮುದುಕನನ್ನು ಹೊಡೆದು ಕೊಲ್ಲುವಾಗ ಮಂಗನ ರೋಷ ಅನ್ನುತ್ತಾನೆ ಸ್ಟೀವನ್‌ಸನ್. ಆ ಮಾತಿಗೆ ಡಾರ್ವಿನ್ನನ ಒಂದು ವಾಕ್ಯ ಕಟ್ಟಿದರೆ ಸಾಕು. ಸ್ಟೀವನ್‌ಸನ್ ಹುಟ್ಟೂರು ಎಡಿನ್‌ಬರೋದಲ್ಲಿ ಡೀಕನ್ ಬ್ರೋಡಿ ಅಂತ ಒಬ್ಬನಿದ್ದ. ಹಗಲು ಮರ್ಯಾದಸ್ಥ ಬಡಗಿ, ರಾತ್ರಿ ಕಳ್ಳ. 1788ರಲ್ಲಿ ಗಲ್ಲಿಗೇರಿದ. ಅವನು ಮಾಡಿದ ಒಂದು ಬೀರು ಬಾಲಕ ಸ್ಟೀವನ್‌ಸನ್ನನ ಕೋಣೆಯಲ್ಲೇ ಇತ್ತು. ಪರೀಕ್ಷೆಗೆ ಇದರಿಂದ ಅಂಥ ಲಾಭವಿಲ್ಲ, ಆದರೂ ನನಗೆ ಆ ಬೀರು ತಲೆಯಿಂದ ಹೋಗುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಆ ಮಗು ಅದನ್ನು ನೋಡುತ್ತಾ ಮಲಗಿರಬೇಕಲ್ವಾ?

ಮಾತಿನ ಹನ್ನೆರಡು ಅಂಕ ಇರುವುದು ಸಣ್ಣ ಜಾಗಗಳಲ್ಲಿ. ಆ ಹುಡುಗಿಯನ್ನು ತುಳಿದ ಕಡೆಗೇ ಹೋಗೋಣ. ಅವನು ಶಾಂತವಾಗಿ ತುಳಿದ ಅಂತ ಬರೆದಿದೆ. ತುಳಿಯುವವನು ಸಿಟ್ಟಿನಲ್ಲಿರಬೇಕು, ಅವಸರದಲ್ಲಿರಬೇಕು. ಶಾಂತವಾಗಿ? ಮಗಳು ಸುಮ್ನೆ ಓದಿಕೊಂಡು ಹೋಗಿದ್ದಳು. ಗಟ್ಟಿಯಾಗಿ ಓದು ಅಂದೆ. ಎರಡನೇ ಸಲಕ್ಕೆ ಅವಳೇ ನಿಂತಳು. ನಲವತ್ತು ಉದ್ಧರಣೆ ಬಾಯಿಪಾಠ ಮಾಡುವ ಬದಲು ಇಂಥ ಎರಡು ಪದಗಳ ಜೋಡಿ ಹತ್ತು ಇದ್ದರೆ ಸಾಕು ಅಂತ ಅವತ್ತು ತೀರ್ಮಾನ ಮಾಡಿದೆವು. ಇನ್ನೊಂದು, ಕೈ. ಜೆಕಿಲ್ ಒಂದು ಬೆಳಗ್ಗೆ ತನ್ನದೇ ಹಾಸಿಗೆಯಲ್ಲಿ ಏಳುತ್ತಾನೆ. ಏನೋ ಸರಿ ಇಲ್ಲ ಅನಿಸುತ್ತದೆ. ಲಂಡನ್ನಿನ ಹಳದಿ ಬೆಳಕಿನಲ್ಲಿ ಹೊದಿಕೆಯ ಮೇಲೆ ಒಂದು ಕೈ ಬಿದ್ದಿದೆ. ಜೆಕಿಲ್‌ನ ಕೈ ಬಿಳಿ, ದೊಡ್ಡದು. ಇದು ಬಡಕಲು, ನರ ಎದ್ದದ್ದು, ತುಂಬಾ ಕೂದಲು. ರಾತ್ರಿ ಮಲಗಿದ್ದು ಜೆಕಿಲ್, ಬೆಳಗ್ಗೆ ಎದ್ದದ್ದು ಹೈಡ್. ಔಷಧಿ ಕುಡಿದೇ ಇರಲಿಲ್ಲ.

ಮೊನ್ನೆ ರಾತ್ರಿ ಕೊನೇ ಪುಟ ಮುಗಿಸಿ ಮಗಳು ಹಿಂದಕ್ಕೆ ಹಾಳೆ ತಿರುಗಿಸತೊಡಗಿದಳು. ಏನು ಹುಡುಕ್ತಿದ್ದೀಯ ಅಂದೆ. ಎಂಟನೇ ಅಧ್ಯಾಯದ ಕೊನೆ ತೋರಿಸಿದಳು. ಬಾಗಿಲು ಒಡೆದದ್ದಾಗಿದೆ, ಹೈಡ್‌ನ ಹೆಣ ಬಿದ್ದಿದೆ, ಜೆಕಿಲ್ ಕಾಣುತ್ತಿಲ್ಲ. ಜೆಕಿಲ್‌ನ ಮನೆಯಾಳು ಪೂಲ್‌ಗೆ ಅಟರ್‌ಸನ್ ಹೇಳುತ್ತಾನೆ: ಈಗ ಹತ್ತು ಗಂಟೆ. ಮನೆಗೆ ಹೋಗಿ ಈ ಕಾಗದಗಳನ್ನು ಓದುತ್ತೇನೆ. ಮಧ್ಯರಾತ್ರಿಗೆ ಮೊದಲು ವಾಪಸ್ ಬರುತ್ತೇನೆ, ಆಮೇಲೆ ಪೊಲೀಸರನ್ನು ಕರೆಯೋಣ.

ಆಮೇಲೆ ಬರುವುದು ಆ ಕಾಗದಗಳು. ಜೆಕಿಲ್‌ನ ಹಳೇ ಗೆಳೆಯ ಡಾಕ್ಟರ್ ಲ್ಯಾನ್ಯನ್ ಬರೆದದ್ದು, ಜೆಕಿಲ್ ಬರೆದದ್ದು. ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಅಟರ್‌ಸನ್ ಮತ್ತೆ ಬರುವುದೇ ಇಲ್ಲ.

ಹಾಗಾದ್ರೆ ಪೂಲ್ ಇನ್ನೂ ಕಾಯ್ತಾ ಇದ್ದಾನಾ, ಅಂದಳು.

ನಮಸ್ಕಾರ.