ಕಡಲು ಬಿಟ್ಟು ಹೋದ ಊರಿನ ಮ್ಯೂಸಿಯಂ

ಅಂಗಳದಲ್ಲಿ ನಿಂತಿರುವ ಈ ದೋಣಿಗಳನ್ನು ನೋಡಿ. ಕೆಳಗೆ ಬರೀ ನೆಲ. ನೀರು ಎಲ್ಲಿ ಅಂತ ಹುಡುಕಬೇಡಿ, ಕಾಣುವುದಿಲ್ಲ. ಇದು ಕಜಕಿಸ್ತಾನದ ಅರಾಲ್ ಪಟ್ಟಣ, ಕಿಜಿಲೋರ್ದಾ ಪ್ರಾಂತ್ಯ. ಒಂದು ಕಾಲಕ್ಕೆ ಅರಾಲ್ ಸಮುದ್ರದ ಬಂದರು. ಆಲ್ಮಾಟಿಯಿಂದ ಒಂದು ಹಗಲು, ಒಂದು ರಾತ್ರಿಗಿಂತ ಜಾಸ್ತಿ ರೈಲಿನಲ್ಲಿ ಕೂತು ಬಂದಿದ್ದೇನೆ. ಅಷ್ಟು ದೂರ ಯಾಕೆ ಅಂತ ಅವ್ವ ಫೋನಿನಲ್ಲಿ ಕೇಳಿದಳು. "ಮೀನು ಹಿಡಿಯೋರ ಮ್ಯೂಸಿಯಂ ನೋಡಾಕ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆತೇನು?" ಅಂದಳು.

ಒಳಗೆ ಚಿಕ್ಕ ಚಿಕ್ಕ ಕೋಣೆಗಳು. ಕಜಕ್ ಜನರ ಮನೆಬಳಕೆಯ ಸಾಮಾನು, ಹಳೆಯ ಫೋಟೊ, ಬಲೆ. ಈ ಉಣ್ಣೆಯ ಹಾಸನ್ನು ಸಿರ್ಮಾಕ್ ಅನ್ನುತ್ತಾರೆ. ನಮ್ಮ ಕಂಬಳಿಯ ಹಾಗೆ ಮಗ್ಗದಲ್ಲಿ ನೇಯ್ದದ್ದಲ್ಲ. ಉಣ್ಣೆ ಹರಡಿ, ಬಿಸಿನೀರು ಹಾಕಿ, ಸುತ್ತಿ ಉರುಳಿಸಿ ಗಟ್ಟಿ ಮಾಡಿ, ಆಮೇಲೆ ಕತ್ತರಿಸಿ ಹೊಲಿದದ್ದು. ಸುರುಳಿ ಸುರುಳಿ ಚಿತ್ತಾರ ಇದೆಯಲ್ಲ, ಅದು ಟಗರಿನ ಕೊಂಬು. ಕುರಿ ಸಾಕುವವರ ಕಲೆ, ಬೇರೆ ಏನು ಬರೆದಾರು?

ಆದರೆ ನನ್ನನ್ನು ನಿಲ್ಲಿಸಿದ್ದು ಈ ಜಾಡಿ. ಹಳದಿಗಟ್ಟಿದ ದ್ರವದೊಳಗೆ ಮೊಣಕೈ ಉದ್ದದ ಮೀನು, ಕಣ್ಣು ಬೇಯಿಸಿದ ಮೊಟ್ಟೆಯಷ್ಟು ಬೆಳ್ಳಗೆ. ಎಷ್ಟು ಸಲ ಶೂಟ್ ಮಾಡಿದರೂ ಗಾಜಿನಲ್ಲಿ ನನ್ನ ಮುಖವೇ ಬರುತ್ತಿತ್ತು, ಕೊನೆಗೆ ಹಾಗೇ ಬಿಟ್ಟೆ. 1957ರಲ್ಲಿ ಅರಾಲ್ ಸಮುದ್ರದಲ್ಲಿ ಸಿಕ್ಕ ಮೀನು ಸುಮಾರು 48,000 ಟನ್. ಹೆಸರಿಗೆ ಸಮುದ್ರ, ಆದರೆ ಆಗ ಅದು ಜಗತ್ತಿನ ನಾಲ್ಕನೇ ದೊಡ್ಡ ಸರೋವರ. 1980ರ ದಶಕ ಶುರುವಾಗುವ ಹೊತ್ತಿಗೆ ಮೀನುಗಾರಿಕೆಯೇ ನಿಂತುಹೋಯಿತು.

ಯಾಕೆ ಅಂದರೆ, ಇದಕ್ಕೆ ನೀರು ತರುತ್ತಿದ್ದ ಸಿರ್ ದರಿಯಾ, ಅಮು ದರಿಯಾ ಎರಡೂ ನದಿಗಳನ್ನು ಸೋವಿಯತ್ ಸರ್ಕಾರ 1960ರ ಹೊತ್ತಿಗೆ ಹೊಲಗಳ ಕಡೆ ತಿರುಗಿಸಿತು. ಉಜ್ಬೇಕಿಸ್ತಾನ, ತುರ್ಕ್‌ಮೆನಿಸ್ತಾನದ ಕಡೆ ಹತ್ತಿ, ಇಲ್ಲೇ ಕಿಜಿಲೋರ್ದಾದಲ್ಲಿ ಭತ್ತ. ಹತ್ತಿ, ಭತ್ತ ಅಂದ ಕೂಡಲೇ ನಾನು ರಾಯಚೂರಿಗೆ ಹೋಗಿಬಿಟ್ಟೆ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡ್ ಹೊಲ. ಮೇಲಿನವರು ಭತ್ತ ನಾಟಿ ಮಾಡಿ ಮುಗಿಸುವ ಹೊತ್ತಿಗೆ ನಮ್ಮ ತೂಬಿನಲ್ಲಿ ಗಾಳಿ ಬರುತ್ತಿರುತ್ತದೆ, ನೀರಲ್ಲ. ಅಪ್ಪ ಪ್ರತಿ ವರ್ಷ ಅದಕ್ಕೇ ಬೈಯುತ್ತಾನೆ. ಅರಾಲ್ ಸಮುದ್ರವೂ ಟೇಲೆಂಡ್ ರೈತನೇ ಅಲ್ವಾ? ಬೈಯೋಕೆ ಬಾಯಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಮೈಮೇಲೆ ಇದ್ದದ್ದೂ ಹತ್ತಿಯ ಅಂಗಿ.

ಇಲ್ಲಿನವರು ಮರೆಯದ ಕಥೆ ಒಂದಿದೆ. 1921ರಲ್ಲಿ ವೋಲ್ಗಾ ಕಡೆ ಭೀಕರ ಬರ. ಮೀನು ಕಳಿಸಿ ಅಂತ ಲೆನಿನ್ ಇಲ್ಲಿನ ಮೀನುಗಾರರಿಗೆ ಪತ್ರ ಬರೆದ. ಇವರು 14 ವ್ಯಾಗನ್ ತುಂಬಿ ಕಳಿಸಿದರು. ರೈಲ್ವೆ ಸ್ಟೇಷನ್ನಿನ ಗೋಡೆಯ ಮೇಲೆ ಅದರದ್ದೇ ದೊಡ್ಡ ಮೊಸಾಯಿಕ್ ಚಿತ್ರ ಇದೆ, ಈಗ ಸ್ಕ್ರೀನ್ ಮೇಲೆ ಬರುತ್ತಿರುವುದು ಅದೇ. ಆಮೇಲೆ ಏನಾಯಿತು ಗೊತ್ತಾ? ಕಡಲು ಸುಮಾರು 100 ಕಿಮೀ ಆಚೆ ಹೋಯಿತು. ಊರಿನ ಮೀನು ಕಾರ್ಖಾನೆ ಮುಚ್ಚಬಾರದು ಅಂತ ಬಾಲ್ಟಿಕ್, ಪೆಸಿಫಿಕ್ ಮೀನನ್ನು ಅದೇ ರೈಲಿನಲ್ಲಿ ಇಲ್ಲಿಗೆ ತರಿಸಿ ಡಬ್ಬಿಗೆ ತುಂಬಿಸಿದರು. ಮೀನು ಕಳಿಸಿದ ಊರಿಗೇ ಮೀನು ಪಾರ್ಸಲ್!

ಹಳೆಯ ಬಂದರಿಗೂ ಹೋಗಿ ಬಂದೆ. ಕ್ರೇನ್‌ಗಳು ಹಾಗೇ ನಿಂತಿವೆ.

ಪೂರ್ತಿ ಕೆಟ್ಟ ಸುದ್ದಿಯೇ ಅಲ್ಲ. 2005ರಲ್ಲಿ ಕೋಕ್-ಅರಾಲ್ ಅಣೆಕಟ್ಟು ಮುಗಿಯಿತು. ಒಣಗಿ ಎರಡಾಗಿದ್ದ ಕಡಲಿನ ಉತ್ತರದ ಚಿಕ್ಕ ಭಾಗದ ನೀರು ದಕ್ಷಿಣಕ್ಕೆ ಹರಿದು ಆವಿಯಾಗದಂತೆ ತಡೆಯುವ ಸುಮಾರು 13 ಕಿಮೀ ಕಟ್ಟೆ ಅದು. ನೀರು ಏರಿತು, ಉಪ್ಪು ಇಳಿಯಿತು, ಸಿಹಿನೀರಿನ ಮೀನು ವಾಪಸ್ ಬಂತು. ದಕ್ಷಿಣದ ಕಡೆ ಮಾತ್ರ ಉಪ್ಪಿನ ಧೂಳು.

ರಾತ್ರಿ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿ ಹೊಗೆ ಹಾಕಿದ ಮೀನು ಮಾರುತ್ತಿದ್ದರು. ಎಲ್ಲಿಯದು ಅಂತ ಕೈಸನ್ನೆ ಮಾಡಿ ಕೇಳಿದೆ. "ತೆಂಗಿಜ್" ಅಂದರು. ಕಜಕ್ ಭಾಷೆಯಲ್ಲಿ ಸಮುದ್ರ. ಪೇಪರಿನಲ್ಲಿ ಸುತ್ತಿ ಕೊಟ್ಟರು. ಬೋಗಿಯೆಲ್ಲ ಘಮಘಮ. ನನ್ನ ಎದುರಿನ ಸೀಟಿನ ಕಾಕಾ ಏನೂ ಕೇಳದೆ ತಮ್ಮ ಬ್ಯಾಗಿನಿಂದ ಬ್ರೆಡ್ ತೆಗೆದು ನಡುವೆ ಇಟ್ಟರು. ಅವ್ವನಿಗೆ ಮೆಸೇಜ್ ಹಾಕಿದೆ, ಊಟ ಆತು ಅಂತ.