ವಾಪಸ್ ಬಾರದ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಈಗ ನನ್ನ ಮುಂದೆ, ಈ ಮೈಕಿನ ಪಕ್ಕದಲ್ಲೇ, ಒಂದು ಹಳೆಯ ಪುಸ್ತಕ ಇದೆ. ರಟ್ಟಿನ ಮೂಲೆಗಳು ಸವೆದು ಮೆತ್ತಗಾಗಿವೆ. 31ನೇ ಪುಟದಲ್ಲಿ ಎಂಟಾಣೆ ಅಗಲದ ಒಂದು ಎಣ್ಣೆ ಕಲೆ. ಹಿಂದುಮುಂದಿನ ಹಾಳೆಗೂ ಇಳಿದಿದೆ. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಆಚೆ ಪುಟದ ಅಕ್ಷರಗಳೂ ತಲೆಕೆಳಗಾದ ಇರುವೆಗಳ ಹಾಗೆ ಕಾಣುತ್ತವೆ. ಅದು ಮದ್ದೂರು ವಡೆಯ ಎಣ್ಣೆ. ಕಲೆ ಮಾಡಿದವನು ನಾನೇ. ಪುಸ್ತಕ ಮಾತ್ರ ನನ್ನದಲ್ಲ.

ಇಪ್ಪತ್ತೊಂದು ವರ್ಷ ನಾನು ಮಂಡ್ಯದಿಂದ ಬೆಂಗಳೂರಿಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡಿದವನು. ಪಾಸಿನವರು ಅಂದರೆ ಅದೇ ಒಂದು ಪಂಗಡ. ಟವೆಲ್ ಹಾಕಿ ಸೀಟು ಹಿಡಿಯುವವರು, ಇಸ್ಪೀಟಿನವರು, ಭಜನೆಯವರು, ಹತ್ತಿದ ತಕ್ಷಣ ಕಣ್ಣು ಮುಚ್ಚಿ ಕೆಂಗೇರಿಯಲ್ಲಿ ತಾನಾಗಿ ಎಚ್ಚರಾಗುವವರು. ನಮ್ಮ ಬೋಗಿಯ ಕಿಟಕಿ ಮೂಲೆಯಲ್ಲಿ ಒಬ್ಬ ಹೈಸ್ಕೂಲು ಮೇಷ್ಟ್ರು ಕೂರುತ್ತಿದ್ದರು. ಚನ್ನಪಟ್ಟಣದಲ್ಲಿ ಇಳಿದುಬಿಡುತ್ತಿದ್ದರು. ಹಾಗಾಗಿ ನಮ್ಮಿಬ್ಬರ ಸಾಹಿತ್ಯ ಚರ್ಚೆ ಏನಿದ್ದರೂ ದಿನಕ್ಕೆ ಮುಕ್ಕಾಲು ಗಂಟೆ. ಅದರಲ್ಲೂ ಮದ್ದೂರಿನಲ್ಲಿ ವಡೆಯವರು ಹತ್ತಿದರೆ ಐದು ನಿಮಿಷ ಹೋಯಿತು.

ಆ ಮೇಷ್ಟ್ರು ಎಂದೂ ನನಗೆ ‘ಇದು ಒಳ್ಳೆ ಪುಸ್ತಕ, ಓದು’ ಎಂದವರಲ್ಲ. ನಾನು ಆಗ ನಮ್ಮ ಆಫೀಸಿನ ಇನ್ಸ್‌ಪೆಕ್ಷನ್ನಿನ ಗೋಳನ್ನು ದಿನಾ ಅವರ ಮುಂದೆ ತೋಡಿಕೊಳ್ಳುತ್ತಿದ್ದೆ. ಸಾಹೇಬರು ಬರುತ್ತಾರಂತೆ, ಫೈಲು ಜೋಡಿಸಬೇಕಂತೆ, ಊಟಕ್ಕೆ ಎಲ್ಲಿ ಹೇಳಬೇಕೋ ಗೊತ್ತಿಲ್ಲವಂತೆ, ಹೀಗೆ. ತಿಂಗಳುಗಟ್ಟಲೆ ಕೇಳಿಸಿಕೊಂಡರು. ಒಂದು ಸೋಮವಾರ ಚೀಲದಿಂದ ಈ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟರು. “ಮಾಡಿಸ್ಕಳ್ಳೋನ ಕಷ್ಟ ನೀನು ಹೇಳ್ದೆ ಕಣಪ್ಪ. ಇನ್ಸ್‌ಪೆಕ್ಷನ್ ಮಾಡೋನ ಕಷ್ಟ ಏನು ಅಂತ ವಸಿ ನೋಡು” ಎಂದರು. ಅಷ್ಟೇ. ರೈಲು ನಿಂತಿತು, ಇಳಿದು ಹೋದರು.

ಪುಸ್ತಕದ ಹೆಸರು ‘ರಂಗಣ್ಣನ ಕನಸಿನ ದಿನಗಳು’. ಬರೆದವರು ಎಂ.ಆರ್. ಶ್ರೀನಿವಾಸಮೂರ್ತಿ, ಎಂ.ಆರ್.ಶ್ರೀ. ಎನ್ನುತ್ತಾರಲ್ಲ, ಅವರು. 1950ರಲ್ಲಿ ಸೊಲ್ಲಾಪುರದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕನ್ನಡ ಎಂ.ಎ. ಮಾಡಿದವರನ್ನು ಕೇಳಿ, ‘ವಚನಧರ್ಮಸಾರ’ ಬರೆದವರು ಅನ್ನುತ್ತಾರೆ. ವಚನಗಳ ದೊಡ್ಡ ವಿದ್ವಾಂಸರು ಅನ್ನುತ್ತಾರೆ. ಎರಡೂ ನಿಜ. ಹಳೆಯ ಕಾಲದ ಪ್ರೈಮರಿ ಶಾಲೆ ಮೇಷ್ಟರನ್ನು ಕೇಳಿದರೆ ಮಾತ್ರ ಮುಖ ಅರಳಿ, “ರಂಗಣ್ಣಾ!” ಎನ್ನುತ್ತಾರೆ, ಮನೆಯ ಹುಡುಗನನ್ನು ಕರೆದ ಹಾಗೆ.

ರಂಗಣ್ಣ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯವನು. ಸ್ನೇಹಿತ ತಿಮ್ಮರಾಯಪ್ಪನ ತಲೆಯ ಮೇಲಿನ ಸರಿಗೆ ರುಮಾಲು ನೋಡಿ ತನಗೂ ಇನ್ಸ್‌ಪೆಕ್ಟರ್‌ಗಿರಿಯ ಆಸೆ ಹತ್ತುತ್ತದೆ. ಆಸೆ ಕೈಗೂಡುತ್ತದೆ. ಸರಿಗೆ ರುಮಾಲಿನ ಸಾಹೇಬ ಬೈಸಿಕಲ್ ಹತ್ತಿ ಹಳ್ಳಿಹಳ್ಳಿಯ ಸ್ಕೂಲಿಗೆ ಹೊರಡುತ್ತಾನೆ. ಮುಂದೆ ಬರುವುದೆಲ್ಲ ಸೋರುವ ಕಟ್ಟಡ, ಬಡ ಮೇಷ್ಟರು, ಊರಿನ ಮುಖಂಡರ ಪಟ್ಟು, ಮೇಲಿನವರ ಕಾಗದ, ಮನೆಯಲ್ಲಿ ಹೆಂಡತಿಯ ಆಕ್ಷೇಪ. ನಗು ಬರುತ್ತದೆ, ಆದರೆ ಯಾರನ್ನೂ ಹೀಯಾಳಿಸಿ ತರಿಸಿದ ನಗು ಅಲ್ಲ. ಎಂ.ಆರ್.ಶ್ರೀ. ಸ್ವತಃ ಆ ಇಲಾಖೆಯಲ್ಲಿ ಇದ್ದವರು. ಹಾಗಾಗಿ ಹಾಜರಿ ಪುಸ್ತಕ ಎಲ್ಲಿ ಸುಳ್ಳು ಹೇಳುತ್ತದೆ ಎಂಬುದು ಅವರಿಗೆ ಗೊತ್ತು, ಆ ಸುಳ್ಳು ಹೇಳುವ ಮೇಷ್ಟರ ಸಂಬಳ ಎಷ್ಟು ಎಂಬುದೂ ಗೊತ್ತು.

ನಾನು ಮೂರು ದಿನದ ರೈಲಿನಲ್ಲಿ ಮುಗಿಸಿದೆ. ನಾಲ್ಕನೆಯ ದಿನ ಎರಡನೇ ಸಲ ಶುರು ಮಾಡಿದೆ. ವಡೆ ತಿಂದದ್ದು ಆ ಎರಡನೇ ಸಲದಲ್ಲಿ.

ಈ ಕಲೆ ಬಿದ್ದ ಪುಸ್ತಕವನ್ನು ಮೇಷ್ಟರಿಗೆ ಹೇಗೆ ಕೊಡುವುದು? ಹೊಸದೊಂದು ಪ್ರತಿ ತಂದು ಕೊಟ್ಟರಾಯಿತು ಎಂದುಕೊಂಡೆ. ಅಂಗಡಿಯಲ್ಲಿ ಸಿಗಲಿಲ್ಲ. ಆಗ ಅದರ ಮುದ್ರಣ ಮುಗಿದಿತ್ತೋ ಏನೋ, ಎರಡು ಅಂಗಡಿಯವರು ಲೇಖಕರ ಹೆಸರನ್ನೇ ನನ್ನಿಂದ ಎರಡೆರಡು ಸಲ ಹೇಳಿಸಿದರು. ಕೊನೆಗೆ ಒಂದು ಶನಿವಾರ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದೆ. ಅಲ್ಲಿ ಫುಟ್‌ಪಾತಿನ ಮೇಲೆ ಎಂಜಿನಿಯರಿಂಗ್ ಗೈಡುಗಳ ಗುಡ್ಡ, ಪಿಯುಸಿ ಪ್ರಶ್ನೆಪತ್ರಿಕೆಗಳ ಗುಡ್ಡ. ಕನ್ನಡದ್ದು ಕೇಳಿದರೆ ಒಂದು ಗೋಣಿಚೀಲ ಬಿಚ್ಚಿದರು. ಸಿಕ್ಕಿತು! ದುಡ್ಡು ಕೊಡುವಾಗ ಆ ಮಾರುವವನು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, “ಇದು ತಗೊಳ್ಳೋರು ಅಮಲ್ದಾರ್ರುದೂ ಕೇಳ್ತಾರೆ ಸಾರ್, ಬೇಕಾ?” ಎಂದ.

ಅಮಲ್ದಾರ್ರುದು ಅಂದರೆ ನವರತ್ನ ರಾಮರಾಯರ ‘ಕೆಲವು ನೆನಪುಗಳು’. ರಾಮರಾಯರು ರಾಜಾಜಿಯವರ ಕಾಲೇಜಿನ ದಿನಗಳ ಗೆಳೆಯರು, ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದವರು. ಈಗಿನ ಭಾಷೆಯಲ್ಲಿ ತಹಶೀಲ್ದಾರರು. ರಂಗಣ್ಣನ ಬೈಸಿಕಲ್ ಹೋದ ದಾರಿಯಲ್ಲೇ ಇನ್ನೊಂದು ಮೆಟ್ಟಿಲು ಮೇಲಿನ ಕುರ್ಚಿಯಿಂದ ಹಳ್ಳಿಯನ್ನು ಕಂಡವರು. ಒಂದು ಕಾದಂಬರಿ, ಇನ್ನೊಂದು ನೆನಪು. ಅವೆರಡನ್ನೂ ಒಟ್ಟಿಗೆ ಓದಬೇಕು ಎಂದು ಯಾವ ವಿಮರ್ಶಕರೂ ಬರೆದದ್ದನ್ನು ನಾನು ಕಂಡಿಲ್ಲ. ಆ ಫುಟ್‌ಪಾತಿನ ಮನುಷ್ಯ ಹೇಳಿದ. ಅವನು ಎರಡನ್ನೂ ಓದಿದ್ದನೋ ಇಲ್ಲವೋ, ಯಾರು ಯಾವುದರ ಹಿಂದೆ ಯಾವುದನ್ನು ಕೇಳುತ್ತಾರೆ ಎಂಬುದನ್ನು ಹತ್ತಾರು ವರ್ಷ ನೋಡಿದ್ದ.

‘ನೀವು ಓದಲೇಬೇಕಾದ ನೂರು ಪುಸ್ತಕ’ ಅಂತ ಪಟ್ಟಿಗಳು ಬರುತ್ತವಲ್ಲ, ನನಗೆ ಅವುಗಳ ಮೇಲೆ ಅಷ್ಟೇನೂ ವಿಶ್ವಾಸವಿಲ್ಲ. ಪಟ್ಟಿ ಮಾಡಿದವರಿಗೆ ನಾನು ಯಾರು ಅಂತ ಗೊತ್ತಿಲ್ಲ. ನನ್ನ ಆಫೀಸಿನಲ್ಲಿ ಇನ್ಸ್‌ಪೆಕ್ಷನ್ ಇತ್ತು ಅಂತಲೂ ಗೊತ್ತಿಲ್ಲ. ಅದೂ ಅಲ್ಲದೆ, ಎಲ್ಲ ಪಟ್ಟಿಯಲ್ಲೂ ಮೊದಲ ಇಪ್ಪತ್ತು ಹೆಸರು ಒಂದೇ. ಅವು ದೊಡ್ಡ ಪುಸ್ತಕಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಅವಕ್ಕೆ ನನ್ನ ಶಿಫಾರಸು ಯಾಕೆ ಬೇಕು?

ಶಿಫಾರಸು ಬೇಕಾದದ್ದು ‘ಗ್ರಾಮಾಯಣ’ದಂಥ ಪುಸ್ತಕಕ್ಕೆ. ರಾವಬಹಾದೂರ ಎಂಬ ಹೆಸರಿನಲ್ಲಿ ಬರೆದವರ ಕಾದಂಬರಿ. ಪಾದಳ್ಳಿ ಎಂಬ ಉತ್ತರ ಕರ್ನಾಟಕದ ಒಂದು ಹಳ್ಳಿ ಹೇಗೆ ಕಣ್ಣೆದುರಿಗೇ ಕುಸಿಯುತ್ತದೆ ಎಂಬ ಕಥೆ. ಧಾರವಾಡದ ಕಡೆ ಅದನ್ನು ಓದಿದವರು ಹೆಸರು ಹೇಳಿದರೆ ಸಾಕು, ಎದ್ದು ಕೂರುತ್ತಾರೆ. ನಮ್ಮ ಮಂಡ್ಯದ ಕಡೆ ಎಷ್ಟು ಜನ ಓದಿದ್ದಾರೋ! ನನಗೆ ಅದನ್ನು ಕೊಟ್ಟವರು ಧಾರವಾಡದಿಂದ ವರ್ಗವಾಗಿ ಬಂದಿದ್ದ ಒಬ್ಬ ಸಹೋದ್ಯೋಗಿ. ಹತ್ತು ಪುಟ ಓದಿ ತಲೆ ಕೆರೆದುಕೊಂಡೆ. ಆ ಸೀಮೆಯ ಮಾತು ನನಗೆ ಹಿಡಿತಕ್ಕೇ ಸಿಗಲಿಲ್ಲ. ವಾಪಸ್ ಕೊಡಲು ಹೋದಾಗ ಅವರು ನಕ್ಕು, “ಕಣ್ಣಿಲೆ ಓದಬ್ಯಾಡ್ರಿ ಸಾಹೇಬ್ರ, ಬಾಯಿಲೆ ಓದ್ರಿ” ಎಂದರು.

ಮನೆಗೆ ಬಂದು ಅಟ್ಟದ ಮೇಲಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಮೊದಲ ಅರ್ಧ ಗಂಟೆ ನಾಟಕದ ಪ್ರಾಕ್ಟೀಸಿನ ಹಾಗಿತ್ತು. ಆಮೇಲೆ ಅದ್ಯಾವಾಗಲೋ ಮಾತು ಕಿವಿಗೆ ಕೂತಿತು. ಕಣ್ಣಿಗೆ ಗಂಟುಗಂಟಾಗಿ ಕಂಡ ಮಾತು ಬಾಯಲ್ಲಿ ಸಲೀಸಾಗಿ ಉರುಳತೊಡಗಿತು. ಊಟಕ್ಕೆ ಕರೆಯಲು ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, “ಯಾರ ಜೊತೆ ಜಗಳ?” ಎಂದು ಕೇಳಿದರು.

ಇಷ್ಟು ಆದಮೇಲೆ ನಾನೊಂದು ತಪ್ಪು ಮಾಡಿದೆ. ಅದೇ ಉತ್ಸಾಹದಲ್ಲಿ ಪುಸ್ತಕವನ್ನು ನನ್ನ ಭಾವಮೈದನಿಗೆ ಕೊಟ್ಟೆ. “ತುಂಬಾ ಚೆನ್ನಾಗಿದೆ, ಓದು” ಎಂದೆ. ಮೂರನೇ ದಿನಕ್ಕೆ ವಾಪಸ್ ಬಂತು. “ಭಾವ, ನಿಮಗೆ ರಿಟೈರ್ಮೆಂಟ್ ಹತ್ರ ಬಂತು, ಟೈಮಿದೆ” ಎಂದ. ಪುಸ್ತಕ ದಾಟಿಸಿದೆ, ಬಾಯಿಲೆ ಓದ್ರಿ ಎಂಬ ಆ ಒಂದು ಮಾತನ್ನು ದಾಟಿಸಲು ಮರೆತೆ. ಆಮೇಲೆ ಹೇಳಿದರೆ ಯಾರು ಕೇಳುತ್ತಾರೆ?

ಹಿಂದಿನವರಿಗೆ ಇದು ಗೊತ್ತಿತ್ತು ಅಂತ ಕಾಣುತ್ತದೆ. ಗಳಗನಾಥರು, ಅಂದರೆ ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರಿಂದೂರಿಗೆ ನಡೆದು ಮಾರಿದರು. ಪುಸ್ತಕವನ್ನು ಬರೆದವರೇ ಕಟ್ಟೆಯ ಮೇಲೆ ಕೂತು ಇಂಥದ್ದಿದೆ ನೋಡಿ ಎಂದು ಹೇಳಿದ ಕಾಲ ಅದು. 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆ ಇನ್ನೊಂದು ದಾರಿ ಹಿಡಿಯಿತು. ಚಂದಾದಾರರು ಮೊದಲೇ ಹಣ ಕಟ್ಟುವುದು, ಪುಸ್ತಕ ಮನೆಗೆ ಬರುವುದು. ಯಾವ ಪುಸ್ತಕ ಅಂತ ಆಯ್ಕೆ ಮಾಡುವವರು ಗ್ರಂಥಮಾಲೆಯವರು. ಯೋಚನೆ ಮಾಡಿ, ಕಾಣದ ಪುಸ್ತಕಕ್ಕೆ ಮುಂಗಡ ಕೊಡಬೇಕಾದರೆ ಅದನ್ನು ನಡೆಸುತ್ತಿದ್ದ ಜಿ.ಬಿ. ಜೋಶಿಯವರ ಓದಿನ ಮೇಲೆ ಜನಕ್ಕೆ ಎಷ್ಟು ನಂಬಿಕೆ ಇರಬೇಕು.

ಇನ್ನೊಂದು ಪುಸ್ತಕ ನನಗೆ ಬಂದ ದಾರಿ ಬಹಳ ವಿಚಿತ್ರ. ಹೊರರಾಜ್ಯದಲ್ಲಿ ಕೆಲಸದಲ್ಲಿರುವ ನನ್ನ ಮಗಳು ಒಂದು ರಾತ್ರಿ ಫೋನ್ ಮಾಡಿ, “ಅಪ್ಪಾ, ಕೊಡಗಿನ ಗೌರಮ್ಮ ಗೊತ್ತಾ?” ಎಂದಳು. ಹೆಸರು ಗೊತ್ತು ಎಂದೆ. “ಓದಿದೀರಾ?” ನಾನು ಮಾತು ಬದಲಿಸಿದೆ. ಅವಳು ಓದಿದ್ದು ಇಂಗ್ಲಿಷಿನಲ್ಲಿ, ದೀಪಾ ಭಾಸ್ತಿಯವರ ಅನುವಾದದಲ್ಲಿ. ಬಾನು ಮುಷ್ತಾಕರ ಜೊತೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದರಲ್ಲ, ಅದೇ ದೀಪಾ ಭಾಸ್ತಿ. ಅವರೂ ಕೊಡಗಿನವರೇ. ಪ್ರಶಸ್ತಿಗೆ ಮೊದಲೇ ತಮ್ಮ ಸೀಮೆಯ ಈ ಹಳೆಯ ಕಥೆಗಾರ್ತಿಯನ್ನು ಇಂಗ್ಲಿಷಿಗೆ ಕರೆದೊಯ್ದಿದ್ದರು. ಅನುವಾದ ಮಾಡುವುದೆಂದರೂ ಒಂದು ಶಿಫಾರಸೇ ತಾನೆ, ಇಡೀ ಪುಸ್ತಕವನ್ನೇ ಕೈಯಾರೆ ಬರೆದು ಮಾಡುವ ಶಿಫಾರಸು!

ಗೌರಮ್ಮ ಹುಟ್ಟಿದ್ದು 1912ರಲ್ಲಿ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು, ಇಪ್ಪತ್ತೇಳು ವರ್ಷ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು ಕರೆಸಿಕೊಂಡು, ಒಡವೆ ಬಿಚ್ಚಿ ಕೊಟ್ಟ ಹೆಣ್ಣುಮಗಳು. ಈ ಸಂಗತಿ ನನಗೂ ಗೊತ್ತಿತ್ತು. ‘ಕಂಬನಿ’, ‘ಚಿಗುರು’ ಎಂಬ ಎರಡು ಕಥಾ ಸಂಕಲನಗಳನ್ನು ಓದಿರಲಿಲ್ಲ, ಅಷ್ಟೇ. ಮಗಳಿಗೆ ತಟ್ಟಿದ್ದು ಗಾಂಧೀಜಿಯ ಪ್ರಸಂಗ ಅಲ್ಲ. “ಅಪ್ಪಾ, ಹೆಂಗಸರ ಬಗ್ಗೆ ಇಷ್ಟು ಧೈರ್ಯವಾಗಿ ಬರೆದೋರು ಹೆಸರು ಹಾಕ್ಕೊಂಡಿದ್ದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅಂತ. ಅದು ಗಂಡನ ಹೆಸರು!” ಎಂದಳು. ಆ ಒಂದು ಮಾತು ಕೇಳಿ ಕನ್ನಡದ ಪುಸ್ತಕ ಹುಡುಕಲು ಹೊರಟೆ. ಕನ್ನಡದಲ್ಲೇ ಹುಟ್ಟಿ ಬೆಳೆದ ಅಪ್ಪನಿಗೆ ಕನ್ನಡದ ಕಥೆ ಇಂಗ್ಲಿಷನ್ನು ಸುತ್ತಿಕೊಂಡು ಮಗಳಿಂದ ಬಂತು. ನಾಚಿಕೆ ಆಯಿತೇ? ಸ್ವಲ್ಪ ಆಯಿತು.

ಮಾತಿಗೆ ಯಾರೂ ಸಿಗದಿದ್ದರೆ ಲೈಬ್ರರಿಗೆ ಹೋಗಿ. ಹಳೆಯ ಪುಸ್ತಕದ ಹಿಂದೆ ಅಂಟಿಸಿದ ದಿನಾಂಕದ ಚೀಟಿ ನೋಡಿ. ಹದಿನೈದು ಮುದ್ರೆ ಬಿದ್ದ ಪುಸ್ತಕ ಬೇಡ, ಅದು ಸಿಲಬಸ್ಸಿನದು ಇರುತ್ತದೆ. ಆರು ವರ್ಷದಲ್ಲಿ ನಾಲ್ಕೇ ಮುದ್ರೆ, ಆ ನಾಲ್ಕರಲ್ಲಿ ಮೂರು ಒಂದೇ ತಿಂಗಳ ಅಂತರದಲ್ಲಿ ಬಿದ್ದಿದ್ದರೆ ಆ ಪುಸ್ತಕ ತೆಗೆದುಕೊಳ್ಳಿ. ಯಾರೋ ಒಬ್ಬರು ಓದಿ ಪಕ್ಕದ ಮನೆಯವರಿಗೆ ಹೇಳಿದ್ದಾರೆ.

ಇತ್ತೀಚೆಗೆ ನಾನು ಜನರನ್ನು ಕೇಳುವ ಪ್ರಶ್ನೆಯನ್ನೇ ಬದಲಾಯಿಸಿಕೊಂಡಿದ್ದೇನೆ. ‘ಯಾವ ಪುಸ್ತಕ ಚೆನ್ನಾಗಿದೆ’ ಎಂದು ಕೇಳಿದರೆ ಎಲ್ಲರೂ ಪರೀಕ್ಷೆಗೆ ಉತ್ತರ ಹೇಳಿದಂತೆ ಹೇಳುತ್ತಾರೆ. ಅದರ ಬದಲು, “ಯಾರಿಗೋ ಓದೋಕೆ ಕೊಟ್ಟು ವಾಪಸ್ ಬರದೇ ಹೋದ ಪುಸ್ತಕ ಯಾವುದು?” ಎಂದು ಕೇಳುತ್ತೇನೆ. ಮುಖದ ಚಹರೆಯೇ ಬದಲಾಗುತ್ತದೆ! ನಮ್ಮ ಅತ್ತಿಗೆ ಯೋಚಿಸದೆ, “ಫಣಿಯಮ್ಮ. ಮೂರು ಸಲ ಕೊಂಡಿದೀನಿ, ಮೂರೂ ಹೋಯ್ತು. ತಗೊಂಡೋರ ಹೆಸರೂ ಹೇಳ್ಲಾ?” ಎಂದರು. ಎಂ.ಕೆ. ಇಂದಿರಾ ಅವರ ಕಾದಂಬರಿ ಅದು. ಪ್ರೀತಿ ಇಲ್ಲದ ಪುಸ್ತಕವನ್ನು ಯಾರೂ ಒತ್ತಾಯ ಮಾಡಿ ಕೊಡುವುದಿಲ್ಲ, ಹೋಯಿತಲ್ಲ ಎಂದು ಕೊರಗುವುದೂ ಇಲ್ಲ.

ಹಾಗೆ ಕೇಳುತ್ತಾ ಕೇಳುತ್ತಾ ನಮ್ಮ ಚಾಮುಂಡಿ ರೈಲಿನ ಮೇಷ್ಟರ ನೆನಪಾಯಿತು. ನಾನು ಅವೆನ್ಯೂ ರಸ್ತೆಯಿಂದ ಹೊಸ ಪ್ರತಿ ತರುವ ಹೊತ್ತಿಗೆ ಅವರು ನಿವೃತ್ತರಾಗಿ ರೈಲು ಬಿಟ್ಟಿದ್ದರು. ಆ ಪ್ರತಿಯನ್ನು ನಮ್ಮ ಆಫೀಸಿನ ಒಬ್ಬರು ‘ಭಾನುವಾರ ಓದಿ ಸೋಮವಾರ ಕೊಡ್ತೀನಿ’ ಎಂದು ಒಯ್ದರು. ಆ ಸೋಮವಾರ ಇನ್ನೂ ಬಂದಿಲ್ಲ. ಕಲೆಯದ್ದು ನನ್ನ ಹತ್ತಿರವೇ ಉಳಿಯಿತು.

ಹಳೆಯ ಪಾಸಿನವರೊಬ್ಬರಿಂದ ನಂಬರು ಸಂಪಾದಿಸಿ ಹೋದ ವಾರ ಮೇಷ್ಟರಿಗೆ ಫೋನ್ ಮಾಡಿದೆ. ಯಾರು ಅಂತ ಹೇಳದೆ, ಮೊದಲು ಅದೇ ಪ್ರಶ್ನೆ ಕೇಳಿದೆ. ಆ ಕಡೆಯಿಂದ ತಕ್ಷಣ ಉತ್ತರ ಬಂತು. “ರಂಗಣ್ಣ. ಮಂಡ್ಯದೋನೊಬ್ಬ ಇಸ್ಕೊಂಡೋದ. ವಡೆ ತಿನ್ಕೊಂಡು ಓದ್ತಿದ್ದ, ಎಣ್ಣೆ ಕೈಲಿ.”

ನಾನು ಸುಮ್ಮನಾದೆ. ಮೇಷ್ಟ್ರೂ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಹೇಳಿದರು. “ಇರ್ಲಿ ಬುಡಪ್ಪ. ಅದಾದ್ಮೇಕೆ ಏನೇನ್ ಓದ್ದೆ, ಅದ್ ಹೇಳು ಮೊದ್ಲು.”

ನಮಸ್ಕಾರ.