ಹೈಸ್ಕೂಲಿನಲ್ಲಿ ಡಿಸೈನ್ ಕಲಿಸೋಕೆ ಆಕ್ಸಿಮೀಟರ್ ಕೈಗೆ ಕೊಡಿ

ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲ್ ಮಕ್ಕಳಿಗೆ ಎಂಜಿನಿಯರಿಂಗ್ ಡಿಸೈನ್ ಕಲಿಸಬೇಕು ಅಂದರೆ ವೈದ್ಯಕೀಯ ಸಾಧನಗಳಿಗಿಂತ ಒಳ್ಳೆಯ ದಾರಿ ನನಗಂತೂ ಕಾಣುತ್ತಿಲ್ಲ. ಐಸ್‌ಕ್ರೀಮ್ ಕಡ್ಡಿಯಲ್ಲಿ ಸೇತುವೆ ಮಾಡಿಸುತ್ತೇವಲ್ಲ, ಅದು ಬೇಡ ಅಂತಲ್ಲ. ಆದರೆ ಅಲ್ಲಿ ಇರೋದು ಒಂದೇ ಪ್ರಶ್ನೆ, ಎಷ್ಟು ಭಾರ ತಡೆಯಿತು ಅಂತ. ಬಳಸುವವರು ಯಾರು ಅಂತ ಯಾರೂ ಕೇಳುವುದಿಲ್ಲ.

ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯಲು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ನೋಡಿ. ಒಳಗೆ ಎರಡು ಎಲ್‌ಇಡಿ. ಒಂದು ಕೆಂಪು, ಅದರ ಬೆಳಕಿನ ಅಲೆಯ ಉದ್ದ ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಎದುರಿಗೆ ಬೆಳಕು ಹಿಡಿಯುವ ಸೆನ್ಸರ್. ಆಕ್ಸಿಜನ್ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಇನ್‌ಫ್ರಾರೆಡ್ ಅನ್ನು ಜಾಸ್ತಿ. ಆಕ್ಸಿಜನ್ ಇಲ್ಲದ ರಕ್ತದಲ್ಲಿ ಇದು ಉಲ್ಟಾ. ಸರಿ, ಆದರೆ ಬೆರಳಲ್ಲಿ ಮೂಳೆ, ಚರ್ಮ, ಮಾಂಸ ಎಲ್ಲವೂ ಇದೆ ಅಲ್ವಾ, ಅವೂ ಬೆಳಕು ಹೀರುತ್ತವೆ, ಅದರಲ್ಲಿ ರಕ್ತದ ಪಾಲನ್ನು ಬಿಡಿಸುವುದು ಹೇಗೆ? ಇಲ್ಲಿ ಪಾಠ ನಿಲ್ಲಿಸಿ. ಮಕ್ಕಳು ಯೋಚಿಸಲಿ.

ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ 1970ರ ದಶಕದ ಆರಂಭದಲ್ಲಿ ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅಂತ ಬೆಳಕಿನಿಂದ ಅಳೆಯಲು ಹೊರಟಿದ್ದರು. ನಾಡಿ ಬಡಿದಾಗಲೆಲ್ಲ ಸಿಗ್ನಲ್ ಏರಿಳಿಯುತ್ತಿತ್ತು, ಅದೇ ದೊಡ್ಡ ಕಾಟ. ಅದನ್ನು ತೆಗೆದುಹಾಕುವ ದಾರಿ ಹುಡುಕುತ್ತಿದ್ದಾಗ ಅವರಿಗೆ ಹೊಳೆಯಿತು: ಮೂಳೆ, ಚರ್ಮ ಬಡಿಯುವುದಿಲ್ಲ, ಬಡಿಯೋದು ಅಪಧಮನಿಯ ರಕ್ತ ಮಾತ್ರ, ಹಾಗಾದರೆ ಆ ಏರಿಳಿತವನ್ನೇ ಅಳೆದರೆ ಆಯಿತಲ್ಲ! ಈ ಕಥೆ ಕೇಳಿದ ಹುಡುಗಿಯೊಬ್ಬಳು ತನ್ನ ಗ್ರಾಫಿನ ಗಲೀಜನ್ನು ಮತ್ತೆ ಸುಮ್ನೆ ಅಳಿಸಿಹಾಕುತ್ತಾಳಾ?

ಇದನ್ನು ತರಗತಿಯಲ್ಲೇ ಮಾಡಬಹುದು. ಒಂದು ಎಲ್‌ಇಡಿ, ಒಂದು ಬೆಳಕಿನ ಸೆನ್ಸರ್, ಒಂದು ಚಿಕ್ಕ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಸಾಕು, ನಾಡಿಯ ಅಲೆ ಪರದೆಯ ಮೇಲೆ ಬರುತ್ತದೆ. ಕೈ ಅಲ್ಲಾಡಿಸಿದರೆ ಅಲೆ ಕೆಡುತ್ತದೆ. ತಣ್ಣೀರಲ್ಲಿ ಅದ್ದಿದ ಬೆರಳಿಟ್ಟರೆ ಅಲೆ ಸೊರಗುತ್ತದೆ. ಯಾಕೆ ಅಂತ ಕೇಳಿ, ಆಮೇಲೆ ಏನು ಬದಲಿಸುತ್ತೀರಿ ಅಂತ ಕೇಳಿ. ಇದರಿಂದ ಯಾರ ಆರೋಗ್ಯವನ್ನೂ ಅಳೆಯಬಾರದು ಅನ್ನೋದನ್ನು ಮಾತ್ರ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. 2020ರಲ್ಲಿ ಅಮೆರಿಕದ ರೋಗಿಗಳ ಮೇಲಿನ ಒಂದು ಅಧ್ಯಯನ ಬಂತು. ರಕ್ತದಲ್ಲಿ ಆಕ್ಸಿಜನ್ ನಿಜವಾಗಿ ಇಳಿದಿದ್ದರೂ ಆಕ್ಸಿಮೀಟರ್ ಚೆನ್ನಾಗಿದೆ ಅಂತ ತೋರಿಸಿದ್ದು ಕಪ್ಪು ಜನರಲ್ಲಿ ಬಿಳಿಯರಿಗಿಂತ ಸುಮಾರು 3 ಪಟ್ಟು ಜಾಸ್ತಿ. ಚರ್ಮದ ಬಣ್ಣವೂ ಬೆಳಕು ಹೀರುತ್ತದೆ. ದಶಕಗಳಿಂದ ಆಸ್ಪತ್ರೆಗಳಲ್ಲಿ ಬಳಸುತ್ತಿರುವ ಸಾಧನ ಇದು! ಯಾರ ಬೆರಳಿನ ಮೇಲೆ ಪರೀಕ್ಷೆ ಮಾಡಿದಿರಿ ಅನ್ನೋ ಪ್ರಶ್ನೆ 14 ವರ್ಷಕ್ಕೇ ಬಾಯಿಗೆ ಬರಬೇಕು.

ಎಲೆಕ್ಟ್ರಾನಿಕ್ಸ್ ಇಲ್ಲದ ಶಾಲೆಗೆ ಮಾತ್ರೆ ಡಬ್ಬಿಯ ಮುಚ್ಚಳವೇ ಸಾಕು. ಚಿಕ್ಕ ಮಗು ತೆರೆಯಬಾರದು, ಗಂಟುನೋವಿರುವ ಅಜ್ಜಿ ತೆರೆಯಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸೋದು ಸುಲಭವಲ್ಲ. ಚಿತ್ರ ಬರೆಯುವ ಮೊದಲು ಅಂಥ ಅಜ್ಜಿಯ ಜೊತೆ ಕೂತು, ಅವರ ಬೆರಳು ಎಲ್ಲಿ ಜಾರುತ್ತದೆ, ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಮಕ್ಕಳು ಬರೆದುಕೊಳ್ಳಲಿ.

ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ನನ್ನದೊಂದೇ ಕೋರಿಕೆ. ಅಂದವಾದ ಮಾದರಿಗೆ ಅಂಕ ಕೊಟ್ಟು ಮುಗಿಸಬೇಡಿ. ಪರೀಕ್ಷೆಯಲ್ಲಿ ಏನು ಕೆಟ್ಟಿತು, ಯಾರ ಮಾತು ಕೇಳಿ ಏನು ಬದಲಿಸಿದರು ಅಂತ ಮಕ್ಕಳ ನೋಟ್‌ಬುಕ್ಕಿನಲ್ಲಿ ಓದಿ, ಅರ್ಧ ಅಂಕವನ್ನಾದರೂ ಅದಕ್ಕೇ ಇಡಿ.